ಐದು ಲೀಟರ್ ಡಬ್ಬಿಯ ಮೋಹ

ಕಳೆದ ವರ್ಷದ ಬೋನಸ್ ಕೈಗೆ ಬಂದ ದಿನ ಮನೆಯಲ್ಲಿ ಒಂದು ಘೋಷಣೆ ಮಾಡಿದ್ದೆ. ಈ ಸಲ ಒಂದು ಜೊತೆ ಒಳ್ಳೇ ಸ್ಪೀಕರ್ ತಗೋತೀನಿ, ಯಾರೂ ಅಡ್ಡ ಬರಬೇಡಿ ಅಂತ. ಯಾರೂ ಅಡ್ಡ ಬರಲಿಲ್ಲ. ಹೆಂಡತಿ ಬೆಲೆ ಕೇಳಿದಳು, ಹೇಳಿದೆ. "ಒಂದಕ್ಕಾ, ಎರಡಕ್ಕಾ?" ಅಂದಳು. ಎರಡಕ್ಕೂ ಸೇರಿ ಅಂದೆ. ಅರ್ಧಕ್ಕರ್ಧ ರಿಯಾಯಿತಿ ಸಿಕ್ಕಿದವಳ ಹಾಗೆ ತಲೆಯಾಡಿಸಿ ಒಳಗೆ ಹೋದಳು.

ಆ ಮಾತಿಗೆ ಹತ್ತು ತಿಂಗಳಾಯ್ತು. ಸ್ಪೀಕರ್ ಇನ್ನೂ ಬಂದಿಲ್ಲ.

ಶುರುವಾಗಿದ್ದು ಜಯನಗರದ ಗೆಳೆಯನ ಮನೆಯಲ್ಲಿ. ಆರು ವರ್ಷ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ವಾಪಸ್ ಬಂದವನು, ಬರುವಾಗ ಹಳೇ ಸ್ಪೀಕರ್ ಒಂದು ಜೊತೆ ಹೊತ್ತು ತಂದಿದ್ದ. ನೋಡೋಕೆ ಏನೂ ಇಲ್ಲ. ಒಂದಡಿ ಎತ್ತರದ ಮರದ ಡಬ್ಬಿ, ಒಳಗಿನ ಜಾಗ ಸುಮಾರು 5 ಲೀಟರ್, ಅಂದರೆ ನಮ್ಮ ಅಡುಗೆಮನೆಯ ಎಣ್ಣೆ ಕ್ಯಾನಿನಷ್ಟು. ಮುಂದೆ ಕಪ್ಪು ಬಟ್ಟೆ. ಮಲ್ಲಿಕಾರ್ಜುನ ಮನ್ಸೂರರ ಒಂದು ಹಳೇ ರೆಕಾರ್ಡಿಂಗ್ ಹಾಕಿದ. ಅದು ನನಗೆ ಬಾಯಿಪಾಠ. ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿಕೊಂಡು ಎಷ್ಟೋ ಸಲ ಕೇಳಿದ್ದೀನಿ. ಅಷ್ಟೂ ಸಲ ಆ ದನಿ ನನ್ನ ತಲೆಯೊಳಗೇ ಇತ್ತು. ಅವತ್ತು ಅದು ಹೊರಗೆ ಬಂದು, ಎರಡು ಡಬ್ಬಿಗಳ ನಡುವೆ ಏನೂ ಇಲ್ಲದ ಜಾಗದಲ್ಲಿ, ಒಬ್ಬ ಮನುಷ್ಯ ಚಕ್ಕಂಬಕ್ಕಳ ಹಾಕಿ ಕೂತರೆ ಬಾಯಿ ಎಲ್ಲಿರುತ್ತೋ ಆ ಎತ್ತರದಲ್ಲಿ ನಿಂತಿತ್ತು. ಉಸಿರು ಎಲ್ಲಿ ಎಳೆದುಕೊಂಡರು ಅನ್ನೋದು ಗೊತ್ತಾಗ್ತಿತ್ತು. ಹಿಂದೆ ತಂಬೂರಿಯ ಜವಾರಿ ದನಿಗೆ ಅಂಟಿಕೊಳ್ಳದೆ ಬೇರೆಯಾಗಿ ಹರಿಯುತ್ತಿತ್ತು.

"ಕೈಯಲ್ಲಿ ಮಾಡಿದ್ದು ಕಣೋ," ಅಂದ ಗೆಳೆಯ. ಮಗುವನ್ನು ತೋರಿಸುವ ಅಪ್ಪನ ಮುಖದಲ್ಲಿ.

ಆ ಮಾತು ನನ್ನ ತಲೆಗೆ ಹತ್ತಿತು. ಆಮೇಲೆ ನಾಲ್ಕು ತಿಂಗಳು ನಾನು ಓದಿದ್ದೆಲ್ಲ ಅದನ್ನೇ. ಈ ಲೋಕದಲ್ಲಿ ಪ್ರತಿಯೊಂದು ದುಬಾರಿ ಡಬ್ಬಿಯೂ ಕೈಯಲ್ಲೇ ಮಾಡಿದ್ದು. ಪ್ರತಿಯೊಂದರ ಹಿಂದೆಯೂ ಒಬ್ಬ ಕುಶಲಕರ್ಮಿ, ಅವನ ಏಪ್ರನ್, ಕಿಟಕಿಯಿಂದ ಬೀಳುವ ಓರೆ ಬಿಸಿಲು, ಮರದ ಹೊಟ್ಟು. ಫೋಟೋ ಎಷ್ಟು ಚೆನ್ನಾಗಿರುತ್ತೆ ಅಂದರೆ ಬೆಲೆ ನೋಡುವ ಹೊತ್ತಿಗೆ ನಾವು ಅರ್ಧ ಮೆತ್ತಗಾಗಿರುತ್ತೀವಿ. ದಿನವಿಡೀ ಸ್ಕ್ರೀನ್ ನೋಡಿಕೊಂಡು, ಸಂಜೆ ಹೊತ್ತಿಗೆ ಮುಟ್ಟೋಕೆ ಅಂತ ಏನನ್ನೂ ಮಾಡದೆ ಮನೆಗೆ ಬರುವ ನಮ್ಮಂಥವರಿಗೆ "ಕೈ" ಅನ್ನೋ ಶಬ್ದ ಸುಲಭವಾಗಿ ನಾಟುತ್ತೆ. ಹೊಲಿಗೆಯ ಚಪ್ಪಲಿ, ಮಗ್ಗದ ಸೀರೆ, ಗಾಣದ ಎಣ್ಣೆ, ಈಗ ಸ್ಪೀಕರ್.

ಆದರೆ ಗೆಳೆಯನ ಡಬ್ಬಿಯ ಚರಿತ್ರೆ ಓದುತ್ತಾ ಹೋದಂತೆ ನನಗೆ ಒಂದು ವಿಚಿತ್ರ ಕಂಡಿತು.

ಅದರ ಹೆಸರು ಎಲ್‌ಎಸ್3/5ಎ. ಹೆಸರಾ ಇದು? ಫೈಲ್ ನಂಬರ್ ಥರ ಇದೆ. ನಿಜವಾಗಿ ಅದು ಫೈಲ್ ನಂಬರೇ. 1970ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದ್ದು ಬಿಬಿಸಿಯ ಸಂಶೋಧನಾ ವಿಭಾಗ. ಸ್ಟುಡಿಯೋದ ಹೊರಗೆ ಹೋಗಿ ಪ್ರಸಾರ ಮಾಡುವ ವ್ಯಾನುಗಳಲ್ಲಿ ದೊಡ್ಡ ಸ್ಪೀಕರಿಗೆ ಜಾಗ ಇಲ್ಲ. ಹೆಡ್‌ಫೋನ್ ನಂಬಿ ದನಿಯ ಸಮತೋಲ ಹೇಳೋದು ಕಷ್ಟ. ಹಾಗಾಗಿ ಒಬ್ಬ ಇಂಜಿನಿಯರ್ ಇಕ್ಕಟ್ಟಿನಲ್ಲಿ ಕೂತು ನಂಬಬಹುದಾದ ಒಂದು ಪುಟ್ಟ ಡಬ್ಬಿ ಬೇಕಾಯಿತು. ಅದಕ್ಕೂ ಮೊದಲು, ಸಭಾಂಗಣಗಳ ಎಂಟನೇ ಒಂದರಷ್ಟು ಗಾತ್ರದ ಮಾದರಿ ಕಟ್ಟಿ ಅದರೊಳಗೆ ಶಬ್ದ ಹೇಗೆ ಓಡಾಡುತ್ತೆ ಅಂತ ಪರೀಕ್ಷಿಸೋಕೆ ಅವರೇ ಒಂದು ಸಣ್ಣ ಸ್ಪೀಕರ್ ಮಾಡಿಕೊಂಡಿದ್ದರು. ಅದರಿಂದಲೇ ಇದು ಬೆಳೆದು ಬಂತು. ಒಳಗಿನ ವೂಫರ್ ಕೆಫ್ ಕಂಪನಿಯ ಬಿ110, ಟ್ವೀಟರ್ ಟಿ27. ಪೆಟ್ಟಿಗೆ ತೆಳು ಬರ್ಚ್ ಪ್ಲೈವುಡ್. ಒಳಗೋಡೆಗೆ ಅದುರು ತಡೆಯುವ ಹಾಳೆ ಅಂಟಿಸಿರುತ್ತಾರೆ. ಟ್ವೀಟರ್ ಸುತ್ತ ದಪ್ಪ ಫೆಲ್ಟಿನ ಚೌಕ.

ಇದನ್ನು ಬಿಬಿಸಿ ತಾನೇ ರಾಶಿಗಟ್ಟಲೆ ತಯಾರಿಸಲಿಲ್ಲ. ರಾಜರ್ಸ್, ಸ್ಪೆಂಡರ್, ಹಾರ್ಬೆತ್ ಹೀಗೆ ಹಲವು ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿತು. ಈ ಸ್ಪೆಂಡರ್ ಅನ್ನೋದು ಬಿಬಿಸಿಯಲ್ಲೇ ಇದ್ದ ಸ್ಪೆನ್ಸರ್ ಹ್ಯೂಸ್ ಮತ್ತವನ ಹೆಂಡತಿ ಡೊರೊತಿಯ ಹೆಸರುಗಳನ್ನು ಕತ್ತರಿಸಿ ಜೋಡಿಸಿದ್ದು. ಹಾರ್ಬೆತ್ ಕೂಡ ಹಾಗೆಯೇ: ಬಿಬಿಸಿಯ ಹಾರ್ವುಡ್, ಹೆಂಡತಿ ಎಲಿಜಬೆತ್. ನಮ್ಮಲ್ಲಿ ಮನೆಗಳಿಗೆ ಗಂಡ ಹೆಂಡತಿ ಹೆಸರು ಸೇರಿಸಿ ನಾಮಕರಣ ಮಾಡೋದನ್ನ ನೋಡಿ ನಗುತ್ತೀವಿ.

ಲೈಸೆನ್ಸಿನ ಷರತ್ತು ಏನಪ್ಪಾ ಅಂದರೆ, ಯಾರೇ ಮಾಡಲಿ, ಎಲ್ಲವೂ ಒಂದೇ ಥರ ಇರಬೇಕು. ಇವತ್ತು ಒಂದು ವ್ಯಾನಿನಲ್ಲಿ ಕೂತ ಇಂಜಿನಿಯರ್ ನಾಳೆ ಇನ್ನೊಂದರಲ್ಲಿ ಕೂತರೆ ಅವನ ಕಿವಿಗೆ ವ್ಯತ್ಯಾಸ ಗೊತ್ತಾಗಬಾರದು. ಟ್ವೀಟರ್‌ಗಳು ಒಂದಕ್ಕಿಂತ ಒಂದು ಸ್ವಲ್ಪ ಜೋರು ಅಥವಾ ಮೆತ್ತಗೆ ಇರುತ್ತವಲ್ಲ, ಅದನ್ನು ಸರಿದೂಗಿಸೋಕೆ ಕ್ರಾಸ್‌ಓವರ್ ಬೋರ್ಡಿನಲ್ಲೇ ಹಲವು ಮೆಟ್ಟಿಲುಗಳಿರುವ ಒಂದು ಸುರುಳಿ ಇಟ್ಟಿದ್ದರು. ಜೋಡಿಸುವವರು ಪ್ರತಿ ಡಬ್ಬಿಯನ್ನೂ ಅಳೆದು, ಅದಕ್ಕೆ ಹೊಂದುವ ಮೆಟ್ಟಿಲಿಗೆ ತಂತಿ ಬೆಸುಗೆ ಹಾಕಬೇಕು. ಕೈಕೆಲಸ ಅಂದರೆ ಇದು. ಮಾಡಿದವನ ಗುರುತು ಉಳಿಯದಂತೆ ಮಾಡುವ ಕೈಕೆಲಸ. ಇವತ್ತು ಭಕ್ತರು ಹಳೇ ಡಬ್ಬಿಗಳ ಸೀರಿಯಲ್ ನಂಬರ್ ಹಿಡಿದು, ಇದು ಆ ಕಂಪನಿಯದ್ದು, ಇದರ ರಂಗೇ ಬೇರೆ ಅಂತ ವಾದ ಮಾಡ್ತಾರೆ. ಅದನ್ನು ಬರೆದ ಇಂಜಿನಿಯರುಗಳು ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರೇನೋ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮನೆತನ ಇದೆ. ಅದನ್ನು ನೋಡಿದ್ದು ಊರಿನ ಒಂದು ಶೋರೂಮಿನಲ್ಲಿ. ಎಸಿ ತಣ್ಣಗೆ, ಸೋಫಾ ಆಳವಾಗಿ, ಕಾಫಿ ಪುಕ್ಕಟೆ. ಇಟಲಿಯ ಸೋನುಸ್ ಫಾಬರ್ ಕಂಪನಿಯನ್ನು ಕಟ್ಟಿದ ಫ್ರಾಂಕೊ ಸೆರ್ಬ್ಲಿನ್ 1990ರ ದಶಕದಲ್ಲಿ ಗ್ವಾರ್ನೇರಿ ಓಮಾಜ್ ಅಂತ ಒಂದು ಸ್ಪೀಕರ್ ಮಾಡಿದ. ಹೆಸರು ಪಿಟೀಲು ತಯಾರಿಸುತ್ತಿದ್ದ ಗ್ವಾರ್ನೇರಿಯದ್ದು. ಮರದ ಪಟ್ಟಿಗಳನ್ನು ಅಂಟಿಸಿ ಬಾಗಿಸಿದ ಬೆನ್ನು, ಪಿಟೀಲಿಗೆ ಹಚ್ಚುವಂಥ ವಾರ್ನಿಷ್, ಮುಂದೆ ಬಟ್ಟೆಯ ಬದಲು ತಂತಿಗಳ ಹಾಗೆ ಸಾಲಾಗಿ ಎಳೆದ ದಾರಗಳು. ಅಂದಿನಿಂದ ಆ ಆಕಾರವನ್ನು ಎಷ್ಟು ಕಂಪನಿಗಳು ನಕಲು ಮಾಡಿವೆಯೋ. ಶೋರೂಮಿನಲ್ಲಿದ್ದದ್ದೂ ಆ ವಂಶದ್ದೇ ಒಂದು. ಸುಳ್ಳು ಹೇಳಲ್ಲ, ಮುಟ್ಟಬೇಕು ಅನ್ನಿಸ್ತು, ಮುಟ್ಟಿದೆ. "ಸರ್, ಇದು ಸ್ಪೀಕರ್ ಅಲ್ಲ, ವಾದ್ಯ," ಅಂದ ಮಾರುವ ಹುಡುಗ.

ಅಲ್ಲೇ ನನ್ನ ತಕರಾರು. ವಾದ್ಯ ಯಾಕಾಗಬೇಕು? ಮೀರಜ್‌ನಲ್ಲಿ ತಂಬೂರಿ ಮಾಡುವವರು ಸೋರೆಬುರುಡೆ ಆರಿಸಿ, ಮರ ಕೊರೆದು, ಜವಾರಿ ತೀಡಿ ಒಂದು ದನಿ ಕೊಡ್ತಾರೆ. ಧಾರವಾಡದ ಕಡೆಯ ಗಾಯಕರು ಅಲ್ಲಿಗೆ ಹೋಗಿ, ನುಡಿಸಿ ನೋಡಿ, ಇದೇ ಬೇಕು ಅಂತ ಆರಿಸಿಕೊಂಡು ಬರ್ತಾರೆ. ತಂಬೂರಿಗೆ ಸ್ವಂತ ದನಿ ಇರಲೇಬೇಕು. ಸ್ಪೀಕರಿಗೆ ಸ್ವಂತ ದನಿ ಇದ್ದರೆ ಆ ತಂಬೂರಿಗೂ ಅದೇ ಬಣ್ಣ, ಪಕ್ಕದ ಸಾರಂಗಿಗೂ ಅದೇ ಬಣ್ಣ, ಆಮೇಲೆ ಹಾಕುವ ಇಳಯರಾಜಾ ಹಾಡಿಗೂ ಅದೇ ಬಣ್ಣ. ಎಲ್ಲಾ ಅಡುಗೆಗೂ ಒಂದೇ ಮಸಾಲೆ ಪುಡಿ ಹಾಕಿದ ಹಾಗೆ. ಮೊದಲ ತುತ್ತು ರುಚಿಯಾಗಿರುತ್ತೆ, ಅನುಮಾನವಿಲ್ಲ. ಶೋರೂಮಿನಲ್ಲಿ ನಮಗೆ ಸಿಗೋದೂ ಮೊದಲ ತುತ್ತೇ.

ಬಿಬಿಸಿ ಡಬ್ಬಿಗೆ ಬಣ್ಣವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ. ಸಣ್ಣ ಪೆಟ್ಟಿಗೆಯಿಂದ ನಿಜವಾದ ಮಂದ್ರ ಬರೋಲ್ಲ ಅಂತ, ಅದಕ್ಕಿಂತ ಸ್ವಲ್ಪ ಮೇಲಿನ ಪಟ್ಟಿಯಲ್ಲಿ ಒಂದು ಸಣ್ಣ ಉಬ್ಬು ಬರುವ ಹಾಗಿದೆ. ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು ಹಾಡುವ ಗಂಡಸಿನ ಸಾ ಸುಮಾರು 139 ಹರ್ಟ್ಜ್. ಆ ಉಬ್ಬು ಹೆಚ್ಚೂಕಡಿಮೆ ಅಲ್ಲೇ ಬೀಳುತ್ತೆ. ಮನ್ಸೂರರ ದನಿ ಅಷ್ಟು ತುಂಬಿಕೊಂಡು ಬಂದದ್ದರಲ್ಲಿ ಆ ಉಬ್ಬಿನದ್ದೂ ಪಾಲಿರಬೇಕು. ಇನ್ನು ಮೃದಂಗದ ಎಡ ಮುಖದ ಗುಂ ಅನ್ನೋ ಶಬ್ದ ಈ ಡಬ್ಬಿಗೆ ದಕ್ಕಲ್ಲ. ಜೋರಾಗಿ ಹಾಕಿದರೆ ಒದ್ದಾಡುತ್ತೆ. ಗೃಹಪ್ರವೇಶಕ್ಕೆ ಐವತ್ತು ಜನ ಬಂದಾಗ ಹಾಕೋಕೆ ಇದು ತೀರಾ ಅಯೋಗ್ಯ ವಸ್ತು. ಈಗ ಹೊಸದಾಗಿ ಮಾಡಿದ್ದು ಬೇಕು ಅಂದರೆ ಜೊತೆಗೆ ಎರಡು ಲಕ್ಷ ದಾಟುತ್ತೆ. ಅದಕ್ಕಿಂತ ಎಷ್ಟೋ ಕಡಿಮೆಗೆ, ಒಳಗೇ ಆಂಪ್ಲಿಫೈಯರ್ ಇರುವ, ಕಂಪ್ಯೂಟರಿನಲ್ಲಿ ತಿದ್ದಿದ ಸ್ಟುಡಿಯೋ ಸ್ಪೀಕರ್ ಸಿಗುತ್ತೆ. ಅಳತೆಯ ಗೆರೆಯಲ್ಲಿ ಅವು ಇದಕ್ಕಿಂತ ನೇರ.

ಹಾಗಾದರೆ ಗೆಳೆಯನ ಮನೆಯಲ್ಲಿ ನನಗಾದದ್ದು ಏನು? ಕೇಳಿದ್ದಾ, ನೋಡಿದ್ದಾ? ಇದು ನನ್ನ ಕುಚೋದ್ಯ ಅಲ್ಲ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅವೇ ಸ್ಪೀಕರ್, ಅವರೇ ಕೇಳುಗರು. ಒಮ್ಮೆ ಪರದೆಯ ಹಿಂದೆ, ಒಮ್ಮೆ ಕಣ್ಣೆದುರು. ಕಣ್ಣೆದುರು ಇದ್ದಾಗ ಅಂಕಗಳು ಬದಲಾದವು. ಅನುಭವಸ್ಥ ಕೇಳುಗರೂ ಇದಕ್ಕೆ ಹೊರತಲ್ಲ. ಕೋಣೆಯಲ್ಲಿ ಸ್ಪೀಕರ್ ಎಲ್ಲಿಟ್ಟಿದೆ ಅನ್ನೋದರಿಂದ ಆಗುವ ವ್ಯತ್ಯಾಸವನ್ನು ಪರದೆ ಇದ್ದಾಗ ಗುರುತಿಸಿದವರು, ಡಬ್ಬಿ ಕಂಡಾಗ ಅದನ್ನು ಅಷ್ಟಾಗಿ ಗಮನಿಸಲೇ ಇಲ್ಲ. ಬೀಟೆ ಮರದ ಹೊಳಪು ಕಿವಿಗೂ ತಾಗುತ್ತೆ ಅಂತಾಯ್ತು.

ಸರಿ, ಮನೆಯಲ್ಲೇ ನೋಡೋಣ ಅಂದುಕೊಂಡೆ. ಗೆಳೆಯನನ್ನು ಕಾಡಿ ಬೇಡಿ ಒಂದು ಶನಿವಾರ ಭಾನುವಾರಕ್ಕೆ ಒಂದು ಡಬ್ಬಿ ತಂದೆ. ಒಂದೇ ಸಾಕು. ಮನುಷ್ಯನ ಬಾಯಿಯೂ ಒಂದೇ.

ಬಿಬಿಸಿಯವರು ಸ್ಪೀಕರ್ ಪರೀಕ್ಷಿಸೋಕೆ ಬಳಸುತ್ತಿದ್ದ ಮುಖ್ಯ ವಸ್ತು ಆರ್ಕೆಸ್ಟ್ರಾ ಒಂದೇ ಅಲ್ಲ, ಮಾತು ಕೂಡ. ಸ್ಟುಡಿಯೋದಲ್ಲಿ ಒಬ್ಬ ಮಾತಾಡ್ತಿರುತ್ತಾನೆ. ಅವನನ್ನು ನೇರ ಕೇಳಿ, ಪಕ್ಕದ ಕೋಣೆಗೆ ಹೋಗಿ ಸ್ಪೀಕರಿನಲ್ಲಿ ಕೇಳಿ ಹೋಲಿಸೋದು. ಸಂಗೀತದಲ್ಲಿ ಪಿಟೀಲು ಹೇಗಿರಬೇಕು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊತ್ತಿರುವ ಮನುಷ್ಯನ ಮಾತು ಹೇಗಿರಬೇಕು ಅಂತ ಎಲ್ಲರಿಗೂ ಗೊತ್ತು. ಈ ಥರದ ಹೋಲಿಕೆಗೆ ದೊಡ್ಡ ಚರಿತ್ರೆಯೇ ಇದೆ. ವಾರ್ಫೆಡೇಲ್ ಕಂಪನಿಯ ಗಿಲ್ಬರ್ಟ್ ಬ್ರಿಗ್ಸ್ 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ತುಂಬ ಜನ ಸೇರಿಸಿ ನೇರ ಸಂಗೀತವನ್ನೂ ಧ್ವನಿಮುದ್ರಣವನ್ನೂ ಒಟ್ಟಿಗೆ ಕೇಳಿಸಿದ. ಅದಕ್ಕೂ ಮುಂಚೆ, 1915ರಿಂದ ಎಡಿಸನ್ ಕಂಪನಿ ಅಮೆರಿಕದ ಊರೂರಲ್ಲಿ ಗಾಯಕಿಯನ್ನು ಫೋನೋಗ್ರಾಫ್ ಪಕ್ಕ ನಿಲ್ಲಿಸಿ, ಯಾವುದು ಯಾವುದು ಹೇಳಿ ಅಂತ ಸವಾಲು ಹಾಕುತ್ತಿತ್ತು. ಜನಕ್ಕೆ ಗೊತ್ತಾಗಲಿಲ್ಲವಂತೆ. ಹಾಡಿದವರಲ್ಲಿ ಒಬ್ಬಳಾದ ಅನ್ನಾ ಕೇಸ್, ತಾನು ದನಿಯನ್ನು ಯಂತ್ರದ ಮಟ್ಟಕ್ಕೆ ತಗ್ಗಿಸಿ ಹಾಡುತ್ತಿದ್ದೆ ಅಂತ ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡಳು.

ಅದಕ್ಕೇ ನಾನು ಹಾಡು ಬೇಡ ಅಂದೆ. ಬಟ್ಟೆ ತುಂಬಿದ ವಾರ್ಡ್‌ರೋಬ್ ಬಾಗಿಲು ತೆರೆದು, ಅದರ ಮುಂದೆ ಹೆಂಡತಿಯನ್ನು ನಿಲ್ಲಿಸಿ, ಪೇಪರಿನ ಒಂದು ಸುದ್ದಿ ಓದಿಸಿ ರೆಕಾರ್ಡ್ ಮಾಡಿದೆ. ಖಾಲಿ ಗೋಡೆಯ ಮುಂದೆ ಮಾಡಿದರೆ ಕೋಣೆಯ ಮಾರ್ದನಿ ಎರಡು ಸಲ ಸೇರಿಬಿಡುತ್ತೆ. "ಸೀರೆಗಳಿಗೆ ಸುದ್ದಿ ಓದ್ತಾ ಇದೀನಿ, ಹುಷಾರಾಗಿದೀಯ ತಾನೆ?" ಅಂದಳು. ರೆಕಾರ್ಡಿಂಗ್ ಕೇಳಿಸಿದರೆ ಇದು ನನ್ನ ದನೀನೇ ಅಲ್ಲ ಅಂತಾಳೆ, ಯಾರೂ ಹಾಗೇ ಅನ್ನೋದು. ತೀರ್ಪುಗಾರ ಬೇರೆ ಬೇಕು. ಧಾರವಾಡದಿಂದ ಅಪ್ಪ ಬಂದಿದ್ದರು. ಅವರನ್ನು ಹಾಲಿನಲ್ಲಿ ಕಣ್ಣು ಮುಚ್ಚಿಸಿ ಕೂರಿಸಿದೆ. ಮೂರು ಸ್ಪೀಕರ್: ನಮ್ಮ ಬ್ಲೂಟೂತ್ ಡಬ್ಬ, ಐದಾರು ವರ್ಷದಿಂದ ನನ್ನ ಮೇಜಿನ ಮೇಲಿರುವ ಅಗ್ಗದ ಸ್ಟುಡಿಯೋ ಸ್ಪೀಕರ್, ಗೆಳೆಯನದ್ದು. ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ. ಹಾಗಾಗಿ ಫೋನಿನ ಆ್ಯಪ್ ಹಿಡಿದು ಮೂರರ ಸದ್ದೂ ಒಂದೇ ಮಟ್ಟಕ್ಕೆ ತಂದೆ. ನಡುನಡುವೆ ಹೆಂಡತಿ ಸ್ಪೀಕರ್ ಪಕ್ಕ ನಿಂತು ಅದೇ ಸುದ್ದಿಯನ್ನು ನಿಜವಾಗಿ ಓದಿದಳು.

ಬ್ಲೂಟೂತ್ ಶುರುವಾಗಿ ಎರಡು ಸಾಲು ಆಗಿರಲಿಲ್ಲ, ಅಪ್ಪ, "ಯಾಕವಾ, ನೆಗಡಿ ಆಗೇದೇನು?" ಅಂದರು. ನನ್ನ ಮೇಜಿನ ಸ್ಪೀಕರಿಗೆ ತುಸು ಹೊತ್ತು ಸುಮ್ಮನಿದ್ದು, "ಆಕೀನ ಹೌದು. ಆದ್ರ ಬಾಜೂ ಖೋಲ್ಯಾಗ ಕುಂತಾಳ," ಅಂದರು. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಸುದ್ದಿ ಮುಗಿದಾಗ, "ಹೂಂ, ಮುಂದ ಓದವಾ," ಅಂದರು.

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಮುಖ ನೋಡಿಕೊಂಡೆವು.

ಕಥೆ ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸೋಮವಾರವೇ ದುಡ್ಡು ಕಟ್ಟುತ್ತಿದ್ದೆ. ಆದರೆ ಮನಸ್ಸಾಕ್ಷಿ ಸುಮ್ಮನಿರಲಿಲ್ಲ. ಗೆಳೆಯನ ಡಬ್ಬಿಯನ್ನು ನಾನು ಸ್ಟೂಲಿನ ಮೇಲೆ, ಗೋಡೆಯಿಂದ ಎರಡಡಿ ಮುಂದೆ, ಮರ್ಯಾದೆಯಿಂದ ಇಟ್ಟಿದ್ದೆ. ನನ್ನದು ಮಾತ್ರ ಮಾಮೂಲಿ ಜಾಗದಲ್ಲಿ, ಮೂಲೆಯ ಮೇಜಿನ ಮೇಲೆ, ಗೋಡೆಗೆ ಬೆನ್ನು ಹಚ್ಚಿ ಕೂತಿತ್ತು. ಅದನ್ನೂ ಅದೇ ಸ್ಟೂಲಿಗೆ ತಂದೆ. ಟೈಲ್ಸ್ ನೆಲದ ಮೇಲೆ ಜಮಖಾನ ಹಾಸಿದೆ. ಅಪ್ಪನಿಗೆ ಮತ್ತೆ ಕೇಳಿಸಿದೆ. "ಈಗ ಈ ಖೋಲಿಗೆ ಬಂದ್ಲು ನೋಡು," ಅಂದರು. ಮೂರನೆಯದರಷ್ಟು ಹತ್ತಿರ ಬರಲಿಲ್ಲ, ಆದರೆ ಲಕ್ಷಗಟ್ಟಲೆಯ ಅಂತರದಲ್ಲಿ ಅರ್ಧ ಒಂದು ಜಮಖಾನದ ಬೆಲೆಗೆ ಮುಚ್ಚಿಹೋಯಿತು.

ನಮ್ಮ ಅಪಾರ್ಟ್‌ಮೆಂಟುಗಳನ್ನು ಒಮ್ಮೆ ನೋಡಿ. ಹತ್ತು ಹನ್ನೆರಡರ ರೂಮು, ನುಣುಪು ಟೈಲ್ಸು, ಬೋಳು ಗೋಡೆ, ಒಂದು ಕಡೆ ಪೂರ್ತಿ ಗಾಜು. ಹನ್ನೆರಡಡಿ ಉದ್ದದ ಕೋಣೆ ಸುಮಾರು 47 ಹರ್ಟ್ಜ್‌ನಲ್ಲಿ ತಾನೇ ಮೊಳಗುತ್ತೆ, ಹತ್ತಡಿಯ ದಿಕ್ಕು 56ರ ಆಸುಪಾಸು. ಅಲ್ಲಿ ದೊಡ್ಡ ಸ್ಪೀಕರ್ ತಂದಿಟ್ಟರೆ ಕೇಳೋದು ಬಿಲ್ಡರ್ ಕಟ್ಟಿದ ಗೋಡೆಯ ರಾಗ. ವ್ಯಾನಿಗೆ ಅಂತ ಹುಟ್ಟಿದ ಡಬ್ಬಿ ನಮ್ಮ ಮನೆಗಳಿಗೆ ಒಗ್ಗೋದಕ್ಕೆ ಇದೂ ಕಾರಣ. ಅದು ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ಹಾಗಾಗಿ ಕೋಣೆಯನ್ನು ಕೆಣಕುವುದೂ ಇಲ್ಲ.

ಇನ್ನೊಂದು ವಿಷಯ ನನ್ನನ್ನು ಅದಕ್ಕಿಂತ ಹೆಚ್ಚು ಕೊರೆಯಿತು. ಮೂಲಕ್ಕೆ ಎಷ್ಟು ಹತ್ತಿರ ಅಂತ ನಾವು ಅಳೀತೀವಲ್ಲ, ಆ ಮೂಲ ನಾನು ಕೊನೇ ಸಲ ಕೇಳಿದ್ದು ಯಾವಾಗ? ಪ್ರತಿ ವರ್ಷ ಚಾಮರಾಜಪೇಟೆಯ ರಾಮನವಮಿ ಕಛೇರಿಗೆ ಹೋಗ್ತೀನಿ. ಅಲ್ಲಿ ಕೇಳೋದು ಮೈಕು, ಪೆಂಡಾಲಿನ ಸ್ಪೀಕರು, ಹೊರಗಿನ ಆಟೋ ಹಾರ್ನು ಸೇರಿದ ಸಂಗೀತ. ಬಹಳ ಇಷ್ಟ ಅದು, ದೂರಲ್ಲ. ಆದರೆ ಮೈಕಿಲ್ಲದೆ, ಆರೇಳು ಅಡಿ ದೂರದಲ್ಲಿ ಕೂತ ಗಾಯಕರ ಗಂಟಲಿನಿಂದ ನೇರ ನನ್ನ ಕಿವಿಗೆ ಸ್ವರ ಬಿದ್ದದ್ದು ಎಷ್ಟು ಸಲ ಅಂತ ಎಣಿಸಿದೆ. ಒಂದು ಕೈ ಬೆರಳು ಸಾಕಾಯ್ತು. ಅದರಲ್ಲಿ ಎರಡು ಸಲ ನಮ್ಮ ಓಣಿಯ ಭಜನೆ. ರೇಷ್ಮೆಯಂಥ ಟ್ರೆಬಲ್, ಜೇನಿನಂಥ ಮಿಡ್ ಅಂತೆಲ್ಲ ಬರೆಯುವ ವಿಮರ್ಶಕರು ಈ ಲೆಕ್ಕ ಒಮ್ಮೆ ಹಾಕಿದರೆ ವಿಶೇಷಣಗಳಾದರೂ ಕಡಿಮೆಯಾದಾವು. ನಾನೂ ಅವರಲ್ಲೊಬ್ಬ. ಎರಡು ವರ್ಷದ ಹಿಂದೆ ಒಂದು ಕೇಬಲ್ಲಿನ ಬಗ್ಗೆ ನಾನು ಬರೆದದ್ದನ್ನು ಯಾರೂ ಹುಡುಕಬೇಡಿ.

ಇಷ್ಟೆಲ್ಲ ಅಂದಮೇಲೂ ಆ ಡಬ್ಬಿಯ ಮೋಹ ಹೋಗಿದೆಯಾ ಅಂದರೆ, ಇಲ್ಲ. ಈಗ ಅದಕ್ಕೆ ಕಾರಣ ಗೊತ್ತಿದೆ ಅಷ್ಟೆ. ಗೆಳೆಯನ ಸ್ಪೀಕರಿಗೆ ನಾಲ್ಕು ದಶಕ ದಾಟಿದೆ. ಹಿಂಬದಿಯ ಸ್ಕ್ರೂ ಬಿಚ್ಚಿದರೆ ಒಳಗಿರೋದೆಲ್ಲ ಕಾಣುತ್ತೆ. ಒಂದು ಕೆಪಾಸಿಟರ್ ಹೋದರೆ ಬದಲಾಯಿಸಬಹುದು. ಬಿ110 ಮತ್ತು ಟಿ27 ರೂಪಿಸಿದ ಮಾಲ್ಕಮ್ ಜೋನ್ಸ್ ಕಟ್ಟಿದ ಫಾಲ್ಕನ್ ಕಂಪನಿ ಇವತ್ತಿಗೂ ಅವೇ ವಿನ್ಯಾಸದ ಬಿಡಿಭಾಗ ಮಾಡುತ್ತೆ. ನಮ್ಮ ಬ್ಲೂಟೂತ್ ಡಬ್ಬದ ಬ್ಯಾಟರಿ ಮೂರನೇ ವರ್ಷಕ್ಕೇ ಊದಿಕೊಂಡಿತು. ರಿಪೇರಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಿಚ್ಚೋಕೆ ಜಾಗವೇ ಇಲ್ಲ ಸಾರ್ ಅಂತ ವಾಪಸ್ ಕೊಟ್ಟ. ಈಗದು ಚಾರ್ಜರ್‌ಗೆ ಸಿಕ್ಕಿಸಿದ್ದರೆ ಮಾತ್ರ ಹಾಡುತ್ತೆ. ಕೈಯಲ್ಲಿ ಮಾಡಿದ್ದು ಅನ್ನೋದಕ್ಕಿಂತ ಕೈಯಲ್ಲಿ ಬಿಚ್ಚಬಹುದಾದದ್ದು ಅನ್ನೋ ಮಾತಿಗೆ ನಾನು ಎರಡು ಲಕ್ಷ ಕೊಡೋಕೆ ಸಿದ್ಧ. ಆ ಮಾತನ್ನು ಯಾವ ಶೋರೂಮಿನ ಹುಡುಗನೂ ನನಗೆ ಹೇಳಲಿಲ್ಲ.

ಸೋಮವಾರ ಗೆಳೆಯ ಬಂದು ಡಬ್ಬಿ ತಗೊಂಡು ಹೋದ. ಸಂಜೆ ಟಿವಿ ಮುಂದೆ ಕೂತ ಅಪ್ಪ, "ಆ ಡಬ್ಬಿ ಎಲ್ಲಿ ಹೋತಪಾ? ಅದರಾಗ ಆಕಿ ಮಾತು ಛಲೋ ತಿಳೀತಿತ್ತು," ಅಂದರು. ಟಿವಿಯ ವಾಲ್ಯೂಮ್ ಮೂವತ್ತೆಂಟರಲ್ಲಿತ್ತು. ಎರಡು ವರ್ಷದ ಹಿಂದೆ ಅದು ಹದಿನೆಂಟು ಇಪ್ಪತ್ತು ಇರ್ತಿತ್ತು. ನಾನು ಟ್ರೆಬಲ್ ಬಗ್ಗೆ ಪುಟಗಟ್ಟಲೆ ಓದಿದ ಅಷ್ಟೂ ತಿಂಗಳು ಅದೇ ಹಾಲಿನಲ್ಲಿ ಓಡಾಡಿದ್ದೀನಿ. ಅದರ ಸದ್ದು ಜಾಸ್ತಿ ಅಂತ ಎದ್ದು ಹೋಗಿ ರೂಮಿನ ಬಾಗಿಲು ಹಾಕಿಕೊಂಡಿದ್ದೂ ಉಂಟು.

ಅಪ್ಪನ ಕಿವಿ ಪರೀಕ್ಷೆಗೆ ಬರುವ ಶನಿವಾರ ಹನ್ನೊಂದಕ್ಕೆ ಟೈಮ್ ಕೊಟ್ಟಿದ್ದಾರೆ. ಶೋರೂಮಿನವರು ನಿನ್ನೆಯೂ ಫೋನ್ ಮಾಡಿದ್ದರು. ಯಾವ ಮರದ ವೆನೀರ್ ಅಂತ ಅವರಿಗೆ ಇನ್ನೂ ಹೇಳಿಲ್ಲ.